ಬಹುವಚನ

ಫ್ಯಾನು ಆರಿಸಿ, ಕಿಟಕಿಗೆ ಕಂಬಳಿ ಕಟ್ಟಿ,
ಆಲೂರಿನ ಬಿತ್ತನೆ ಬೀಜದಂಗಡಿಯ ಮೇಲಿನ ಕೋಣೆಯಲ್ಲಿ
ಎರಡು ಮಧ್ಯಾಹ್ನ ಓದಿದೆ ನಾನು:
ಒಂದರಿಂದ ನೂರರವರೆಗೆ ಎಣಿಕೆ,
ಹಳ್ಳ, ತೂಬು, ಶುಂಠಿ ಹೊಲ, ನಾಲೆ ಏರಿ,
ಎಡಕ್ಕೆ, ಬಲಕ್ಕೆ, ಮರಿಯೊಂದಿಗೆ, ಒಂಟಿಯಾಗಿ.
ಗಂಟಲು ಒಣಗಿದಾಗ ಕೆಳಗಿನಿಂದ ಮಜ್ಜಿಗೆ ಬಂತು.
ಅಷ್ಟೇ ನಾನು ಕೊಟ್ಟದ್ದು.
ಉಳಿದದ್ದನ್ನು ಅದೇ ಕಲಿತುಕೊಂಡಿತು.

ಈಗ ನಾನು ಕಾಣದ ಊರುಗಳ ಹೆಸರನ್ನು
ನನಗಿಂತ ಸ್ಪಷ್ಟವಾಗಿ ಹೇಳುತ್ತದೆ ನನ್ನ ದನಿ.
ತಡವರಿಸುವುದಿಲ್ಲ. ಳಕಾರ ಜಾರುವುದಿಲ್ಲ.
ನೆಗಡಿ ಅದಕ್ಕೆ ಬಂದೇ ಇಲ್ಲ.

ನೆಲದೊಳಗೆ ಮೊಳದಾಳಕ್ಕೆ ಹೂತಿಟ್ಟ ಕಿವಿಗಳಿವೆ,
ಹೇಮಾವತಿಯ ಹಿನ್ನೀರಿನಿಂದ ಕಾಫಿ ಬೇಲಿಯವರೆಗೆ, ಇಪ್ಪತ್ತಾರು.
ಹೆಜ್ಜೆ ಬಿದ್ದರೆ ನಡುಗಿ, ನಡುಕವನ್ನು ಅಂಕಿ ಮಾಡಿ,
ಗುಡ್ಡದಿಂದ ಗುಡ್ಡಕ್ಕೆ ಎಸೆಯುತ್ತವೆ ತಂತಿಯಿಲ್ಲದೆ.
ಟ್ರ್ಯಾಕ್ಟರೋ, ದನವೋ, ಮರ ಬಿದ್ದದ್ದೋ, ಆನೆಯೋ
ಎಂದು ಯಂತ್ರ ತೂಗುತ್ತದೆ. ನೂರಕ್ಕೆ ತೊಂಬತ್ತಾದರೆ
ಮುನ್ನೂರ ಹನ್ನೆರಡು ಫೋನುಗಳಲ್ಲಿ
ಒಟ್ಟಿಗೇ ಬಾಯಿ ಬಿಡುತ್ತೇನೆ ನಾನು,
ಇಲ್ಲಿ ಹೊದ್ದು ಮಲಗಿರುವಾಗಲೇ.

ಕಲಿಸುವ ದಿನಗಳಲ್ಲಿ ಜವರಯ್ಯ ಬಂದು ಕೂರುತ್ತಿದ್ದ,
ಇಪ್ಪತ್ತು ವರ್ಷ ಕಾವಲು ತಿರುಗಿದ ಕಾಲನ್ನು ಬೆಂಚಿನ ಮೇಲಿಟ್ಟು.
ಪರದೆಯ ಗೆರೆ ತೋರಿಸಿ ಕೇಳುತ್ತಿದ್ದೆ: ಇದು?
‘ಇದು ಗುಂಪು ಕಣವ್ವ. ಹಿಂದಿಂದು ಕುಂಟ್ತದೆ.’
ಇದು?
‘ಇದು ನಾನೇ. ಅವತ್ತು ಓಡ್ತಿದ್ದೆ.’
ಅದಕ್ಕೆ ನಮ್ಮ ಪಟ್ಟಿಯಲ್ಲಿ ಖಾನೆ ಇರಲಿಲ್ಲ.
‘ಆನೆ ಅಲ್ಲ’ ಎಂದು ಒತ್ತಿದೆ.

ತಪ್ಪಿದ್ದೂ ಉಂಟು. ಮಗ್ಗೆ ಕಡೆಯ ಮದುವೆಮನೆಯೊಂದರ
ಜನರೇಟರಿನ ನಡುಕಕ್ಕೆ ಆನೆ ಆನೆ ಎಂದು ಕೂಗಿ,
ಪಾಯಸ ಬಡಿಸುವ ಹೊತ್ತಿಗೆ
ಎರಡನೇ ಪಂಕ್ತಿ ಪೂರ್ತಿ ಎದ್ದುಹೋಯಿತಂತೆ.
ಬೈಗುಳ ನನಗೆ ಬಂತು.
ಯಂತ್ರವನ್ನು ಬೈಯಲು ಅದರ ಅಪ್ಪನ ಹೆಸರು ಯಾರಿಗೂ ಗೊತ್ತಿಲ್ಲ.

ಮೊನ್ನೆ ಸೋಮವಾರ ಬಸ್ ಸ್ಟ್ಯಾಂಡಿನಲ್ಲಿ
‘ಇದು ಕೆಂಚಮ್ಮನ ಹೊಸಕೋಟೆಗೆ ಹೋಗುತ್ತಾ?’ ಎಂದೆ.
ಕಾಫಿ ಕೊಯ್ಲಿಗೆ ಹೊರಟ ನಾಲ್ವರು ಹೆಂಗಸರು
ಊಟದ ಚೀಲ ಎದೆಗವಚಿ ತಿರುಗಿದರು.
ನೋಡಿದ್ದು ನನ್ನ ಮುಖವನ್ನಲ್ಲ,
ನನ್ನ ಬೆನ್ನ ಹಿಂದಿನ ರಸ್ತೆಯನ್ನು.

ಮೊದಲು ನಕ್ಕವಳು ಹೂವಮ್ಮ.
‘ನೀನಾ? ಇಷ್ಟು ಸಣ್ಣಕಿದ್ದೀಯಾ?’ ಎಂದು
ಕಾಫಿ ಕರೆಯ ಬೆರಳಲ್ಲಿ ನನ್ನ ಗಲ್ಲ ಮುಟ್ಟಿದಳು.
‘ರಾತ್ರಿ ನೀ ಹೇಳಿದ್ಕೆಲ್ಲ ಹೂಂಗುಡ್ತೀನಿ ಕಣವ್ವ.
ಉಂಡ್ಯಾ ಅಂತ ಕೇಳಿದ್ರೆ ಮಾತ್ರ ನೀ ಬಾಯ್ ಬಿಡಲ್ಲ.
ನೀ ಕರೆದ ದಿನ ಅಗುಳಿ ಹಾಕಿ ಮಲಗ್ತೀನಿ, ನಿದ್ದೆ ಬತ್ತದೆ.
ಕರೀದೆ ಇದ್ದ ರಾತ್ರಿ ಆಗಾಕಿಲ್ಲ.’
ಬಸ್ಸು ಬಂತು. ಕಂಡಕ್ಟರನಿಗೆ
ಬೆರಳೆತ್ತಿ ತೋರಿಸಿದೆ, ಒಂದು ಟಿಕೇಟು.

ನನ್ನ ನಂಬರೂ ಆ ಪಟ್ಟಿಯಲ್ಲಿದೆ, ಪರೀಕ್ಷೆಗೆಂದು ಸೇರಿಸಿದ್ದು.
ನಿನ್ನೆ ರಾತ್ರಿ ಎರಡು ನಲವತ್ತಕ್ಕೆ
ನಾನೇ ನನಗೆ ಕರೆ ಮಾಡಿದೆ.
‘ನಮಸ್ಕಾರ. ನಾಲೆ ಏರಿಯ ಮೇಲೆ ಮೂರು ಆನೆಗಳಿವೆ, ಮರಿಯೊಂದಿಗೆ.
ನೀವು ದಯವಿಟ್ಟು ಹೊರಗೆ ಬರಬೇಡಿ.’

ಅಮ್ಮನಿಗೆ ನಾನು ‘ಏಯ್’,
ಮೇಷ್ಟರಿಗೆ ‘ನಾಲ್ಕನೇ ಬೆಂಚಿನವಳೇ’.
ನನಗೆ ನಾನು ಏನೂ ಅಲ್ಲ, ಕರೆಯುವ ಪ್ರಸಂಗ ಬಂದಿರಲಿಲ್ಲ.
ಈಗ ಯಂತ್ರ ಬಂದು ಬಹುವಚನ ಕೊಟ್ಟಿತು,
ನನ್ನದೇ ಗಂಟಲಿನಿಂದ ಎತ್ತಿ.

ಹೂಂ ಎಂದೆ.
ಆ ಕಡೆ ಉಸಿರಿಲ್ಲ.
ಉಸಿರನ್ನೆಲ್ಲ ನಾವೇ ಕತ್ತರಿಸಿ ತೆಗೆದಿದ್ದೆವು, ಬೇಡದ ಸದ್ದೆಂದು.

ಮಂಚದಿಂದ ಇಳಿದು
ಕಾವಿ ನೆಲಕ್ಕೆ ಅಂಗೈ ಒತ್ತಿ ಕೂತೆ.
ನಡುಕ ಓದಲು ನನಗೆ ಬಾರದು.
ಎಲ್ಲೋ ದೂರದಲ್ಲಿ ಮೂರು ಆನೆ, ಮರಿಯೊಂದಿಗೆ,
ಅಥವಾ ಜವರಯ್ಯ, ಓಡುತ್ತಾ.